ಅಕ್ಕನ ಅಂಗಡಿಯೆದುರು ನನ್ನ ಕಾಲು ಬಿಡದ ಪೆಡಲುಗಳಿಗೆ

ಮಾನ್ಯರೇ,

ನನ್ನ ಸೈಕಲ್ಲಿನ ಎಡಬಲಗಳಲ್ಲಿ ವಿರಾಜಮಾನರಾಗಿ, ಶೂಗಳ ಅಡಿಯನ್ನು ಟಕ್ಕೆಂದು ಕಚ್ಚಿ ಹಿಡಿಯುತ್ತಿದ್ದ ತಮ್ಮಿಬ್ಬರಿಗೂ ನನ್ನ ಅಂಗಾಲು, ಹಿಮ್ಮಡಿ ಮತ್ತು ತರಚಿದ ಮೊಣಕೈಯ ಪರವಾಗಿ ವಂದನೆಗಳು.

ತಮ್ಮನ್ನು ಕರೆತಂದವನು ಸೈಕಲ್ ಪಂದ್ಯಗಳ ಹುಚ್ಚಿನ ನನ್ನ ಮೈದುನ. ಚಪ್ಪಟೆ ಪೆಡಲಿನ ಮೇಲೆ ಕಾಲು ಸುಮ್ಮನೆ ಕೂತಿರುತ್ತೆ ಅತ್ತಿಗೆ, ಇದರಲ್ಲಿ ದುಡಿಯುತ್ತೆ ಎಂದ. ಸುಳ್ಳಲ್ಲ. ಕಾಲನ್ನು ಮೇಲೆಳೆಯುವಾಗಲೂ ಚಕ್ರ ತಿರುಗಿಸುವ ತಮ್ಮ ಕೃಪೆಯಿಂದ, ಗ್ರಂಥಾಲಯದ ಏರಿನಲ್ಲಿ ಇಳಿದು ತಳ್ಳುತ್ತಿದ್ದ ನಾನು ಒಂದು ಪದ್ಯವನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ, ಅದು ಮುಗಿಯುವ ಮೊದಲೇ ಹತ್ತಿಬಿಟ್ಟೆ. ಹಳೆಯ ಚಪ್ಪಟೆ ಪೆಡಲುಗಳಿಗೆ ಈ ಪ್ರತಿಭೆ ಎಲ್ಲಿಂದ ಬರಬೇಕು? ಒದ್ದೆಯಾದರೆ ಜಾರುತ್ತಿದ್ದವು. ಅವಕ್ಕೆ ತಿಳಿದಿದ್ದ ವಿದ್ಯೆ ಒಂದೇ, ಬೇಕೆಂದಾಗ ಕಾಲು ಬಿಡುವುದು.

ಆ ವಿದ್ಯೆಯ ಬಲದಿಂದಲೇ ನಾನು ದಿನವೂ ಕೆಲಸಕ್ಕೆ ಹೋಗುವಾಗ ಅಕ್ಕನ ಹೊಲಿಗೆ ಅಂಗಡಿಯ ಮೆಟ್ಟಿಲ ಮೇಲೆ ಒಂದು ಕಾಲೂರಿ, ಸೀಟಿನಿಂದ ಇಳಿಯದೆ, ಅವಳೊಡನೆ ಊರ ಸುದ್ದಿಯೆಲ್ಲ ಮುಗಿಸುತ್ತಿದ್ದೆ. ತಮ್ಮಿಂದ ಬಿಡಿಸಿಕೊಳ್ಳಲು ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಬೇಕಂತೆ. ನನ್ನ ಹಿಮ್ಮಡಿಯೂ ನನ್ನ ಹಾಗೆಯೇ, ಏನು ಮಾಡುವುದಕ್ಕೂ ಮೊದಲು ಯೋಚನೆಗೆ ಕೂರುತ್ತದೆ. ಬೀಳುವ ಭಯಕ್ಕೆ, ಗಂಟೆ ಬಾರಿಸಿ, ಬರ್ತೀನಕ್ಕಾ ಎಂದು ಕೂಗಿ ಮುಂದೆ ಹೋಗತೊಡಗಿದೆ. ತಾನು ಹೊಲಿದ ಕೋಟಿನ ತೋಳು ಗಿಡ್ಡವಾಯಿತೆಂದು ನಾನು ಮುನಿಸಿಕೊಂಡಿದ್ದೇನೆ ಎಂದು ಅವಳು ತೀರ್ಮಾನಿಸಿದಳು. ತೋಳು ಗಿಡ್ಡವಾಗಿದ್ದು ನಿಜ, ಮುನಿಸು ಸುಳ್ಳು. ಆದರೂ ವಾರ ಕಳೆಯುವುದರೊಳಗೆ ಅವಳು ನನ್ನ ಗಂಟೆ ಕೇಳಿದರೆ ಗೋಡೆಯತ್ತ ಮುಖ ತಿರುಗಿಸಿ ಹೊಲಿಯುವಂತಾದಳು.

ನಿಲ್ಲಲೇಬೇಕೆಂದು ಒಂದು ಬೆಳಿಗ್ಗೆ ಬ್ರೇಕ್ ಹಿಡಿದೆ. ಸೈಕಲ್ ನಿಂತಿತು, ತಾವು ಬಿಡಲಿಲ್ಲ. ಬೀರು ವಾಲಿದಂತೆ, ಬಹಳ ನಿಧಾನವಾಗಿ, ಅಕ್ಕನ ಮೆಟ್ಟಿಲಿಗೆ ಉರುಳಿದೆ. ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಓಡಿಬಂದ ಅಕ್ಕ, ಮಾತು ಬಿಟ್ಟವಳು ಕಾಲಿಗೇ ಬಿದ್ದೆಯಲ್ಲೇ, ಏಳು, ಬೇರೆ ತೋಳು ಹೊಲಿದುಕೊಡ್ತೀನಿ ಎಂದಳು. ಏಳುವುದೆಲ್ಲಿಂದ? ತಾವಿನ್ನೂ ಬಲಗಾಲನ್ನು ಹಿಡಿದೇ ಇದ್ದಿರಿ. ಅಕ್ಕ ಕೂತು ಶೂ ಲೇಸು ಬಿಚ್ಚಬೇಕಾಯಿತು. ಅಷ್ಟರಲ್ಲಿ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಆದ್ದರಿಂದ ತಾವು ದಯಮಾಡಿ ಅಕ್ಕನ ಅಂಗಡಿಯನ್ನು ದೂರದಿಂದಲೇ ಗುರುತಿಸಿ, ತಾವಾಗಿಯೇ ಸಡಿಲಗೊಳ್ಳುವ ಅಭ್ಯಾಸ ಮಾಡಿಕೊಳ್ಳಬೇಕೆಂದೂ, ಅಲ್ಲಿಯವರೆಗೆ ಆ ದಡ್ಡ ಚಪ್ಪಟೆ ಪೆಡಲುಗಳನ್ನೇ ಮತ್ತೆ ಹಾಕಿಸಿಕೊಂಡಿರುವ ನನ್ನನ್ನು ಮನ್ನಿಸಬೇಕೆಂದೂ ಕೋರುತ್ತೇನೆ. ಏರಿನಲ್ಲಿ ಈಗ ಮತ್ತೆ ಇಳಿದು ತಳ್ಳುತ್ತೇನೆ. ಪದ್ಯ ಪೂರ್ತಿ ಮುಗಿಯುತ್ತದೆ.

ತಮ್ಮ ಹಿಡಿತ ತಪ್ಪಿದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಬಿದ್ದವಳು

ತಾ.ಕ.: ತಮ್ಮನ್ನು ಅಕ್ಕ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಭಾರಕ್ಕೆ ಇಟ್ಟುಕೊಂಡಿದ್ದಾಳೆ, ಬಟ್ಟೆ ಒಂದೆಳೆಯೂ ಜರುಗುವುದಿಲ್ಲವಂತೆ. ನನ್ನ ಕೋಟಿನ ಹೊಸ ತೋಳು ಬೆರಳು ಮುಚ್ಚುವಷ್ಟು ಉದ್ದವಾಗಿದೆ. ತಪ್ಪು ಅಕ್ಕನದಲ್ಲ. ಅವಳು ಸರಿಯಾಗಿಯೇ ಕತ್ತರಿಸಹೊರಟಿರಬೇಕು, ತಾವು ಬಟ್ಟೆಯನ್ನು ಬಿಟ್ಟಿರಲಿಕ್ಕಿಲ್ಲ.