ನಿಚ್ಚಣಿಕೆ ಹತ್ತಿದ ಚಹಾ

ಇಂಗ್ಲಿಷ್ ಓದಿದವರು ನಮ್ಮ ಗದಗ ಸೀಮೆಯಲ್ಲಿ ಬೇಕಾದಷ್ಟು ಜನ ಇದ್ದರು. ಆದರೆ ಅದನ್ನು ನಿಚ್ಚಣಿಕೆ ಹತ್ತಿಸಿ ಮಾಳಿಗೆಯ ಮೇಲೆ ಕೂರಿಸಿದವನು ನಮ್ಮ ಕಾಕಾ ಒಬ್ಬನೇ. ಇದನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ, ನಗುವವರು ನಗಲಿ.

ಎಂಬತ್ತರ ಆಸುಪಾಸಿನ ಮಾತು. ಲಕ್ಷ್ಮೇಶ್ವರದ ಬಜಾರಿನಲ್ಲಿ ಕಾಕಾನ ಹೋಟೆಲ್, ಅದರ ಹಿಂದೆಯೇ ಮನೆ, ಎರಡಕ್ಕೂ ಸೇರಿ ಒಂದೇ ಮಣ್ಣಿನ ಮಾಳಿಗೆ, ಸಪಾಟು ಚಾವಣಿ. ಅವನ ಮಂಡಕ್ಕಿ ಗಿರಮಿಟ್ಟಿಗೆ ಶಿರಹಟ್ಟಿಯಿಂದಲೂ ಜನ ಬರುತ್ತಿದ್ದರು. ಮುಂಬಯಿಯ ದೊಡ್ಡ ಹೋಟೆಲಿನಲ್ಲಿ ವೇಟರ್ ಆಗಿದ್ದ ಅವನ ಗೆಳೆಯನೊಬ್ಬ ರಜೆಗೆ ಬಂದವನು, "ಅಲ್ಲಿ ಪುಕ್ಕಟೆ ಚಹಾ ಕೊಡೋ ಮುಂದ 'ಆನ್ ದಿ ಹೌಸ್' ಅಂತಾರಪಾ" ಎಂದು ಹೇಳಿ ಹೋದ. ಅರ್ಥವನ್ನೂ ಹೇಳಿ ಹೋಗಬಾರದೇ? ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದ ಕಾಕಾನಿಗೆ ಅರ್ಥ ಬೇರೆ ಹೇಳಬೇಕೇ! ಆನ್ ಎಂದರೆ ಮೇಲೆ, ಹೌಸ್ ಎಂದರೆ ಮನೆ. ಮರುದಿನವೇ ಗೋಡೆಗೆ ನಿಚ್ಚಣಿಕೆ ಬಂತು, ಮಾಳಿಗೆಯ ಮೇಲೆ ಜಮಖಾನೆ ಬಿತ್ತು. ಕೆಳಗೆ ಕುಡಿದರೆ ರೊಕ್ಕ, ಮೇಲೆ ಕುಡಿದರೆ ಪುಕ್ಕಟೆ.

ಮೊದಲ ಮರ್ಯಾದೆ ಮುಂಡರಗಿಯ ಹತ್ತಿ ವ್ಯಾಪಾರಿಯೊಬ್ಬರಿಗೆ ಸಂದಿತು. ಕಾಕಾ ಕೈಮುಗಿದು, "ಸಾಹುಕಾರ್ರ, ಇವತ್ತು ನೀವು ಮ್ಯಾಲೆ ಹೋಗಬೇಕ್ರಿ" ಎಂದ.

ಸಾಹುಕಾರರ ಮುಖ ಬಿಳಿಚಿತು. "ಮುಂಜಾನೆದ್ದು ನನ್ನ ಮ್ಯಾಲೆ ಕಳಸಾಕ ನಿಂತೀಯೇನಲೇ?" ಎಂದು ಧೋತರ ಎತ್ತಿಕೊಂಡು ಎದ್ದವರು ಬಹಳ ದಿನ ಆ ಓಣಿಗೇ ಬರಲಿಲ್ಲ.

ಕಾಕಾ ಬಗ್ಗುವವನೇ? ಬಸ್ಸು ತಪ್ಪಿದವರು, ಡಂಬಳದಿಂದ ಸಂತೆಗೆ ಬಂದು ಮಾಲು ಹೋಗದೆ ಕುಳಿತವರು, ಎಲ್ಲರನ್ನೂ ಹತ್ತಿಸಿದ. ಕಾಕಾನ ಹೆಂಡತಿ, ನಮ್ಮ ಕಾಕು ಮಾತ್ರ ಗೊಣಗುತ್ತಿದ್ದಳು: "ಒಂದಿನ ಈ ಮಾಳಿಗಿ ಕುಸಿದು, ಪುಕ್ಕಟೆ ಮಂದಿ ರೊಕ್ಕ ಕೊಟ್ಟವರ ತಲಿ ಮ್ಯಾಲೆ ಬೀಳ್ತಾರ ನೋಡ್ರಿ."

ಅಷ್ಟರಲ್ಲಿ ಕಾಕಾನ ಮಗಳನ್ನು, ಅಂದರೆ ನಮ್ಮ ಅಕ್ಕನನ್ನು, ನೋಡಲು ಬೆಟಗೇರಿಯಿಂದ ಬರುತ್ತಾರೆಂದು ಖಬರು ಬಂತು. ಯಾವುದೋ ಮದುವೆಯಲ್ಲಿ ಕಂಡಿದ್ದ ಆ ಹುಡುಗ ಅಕ್ಕನ ಮನಸ್ಸಿಗೆ ಬಂದಿದ್ದ. ಹಿಂದೆ ಎರಡು ಸಂಬಂಧ ತಪ್ಪಿದ್ದರಿಂದ ಇದೂ ತಪ್ಪಿದರೆ ಹೇಗೆ ಎಂದು ಮನೆಮಂದಿಗೆಲ್ಲ ದಿಗಿಲು. ಹುಡುಗನ ಅಪ್ಪ ಮತ್ತೆ ಇಂಗ್ಲಿಷ್ ಮಾಸ್ತರರು! ಜೊತೆಗೆ ಬರುವ ಹುಡುಗನ ಅಜ್ಜಿಗೆ ಮೊಣಕಾಲು ನೋವು ಬೇರೆ.

"ಇವತ್ತೊಂದಿನ ಆ ನಿಚ್ಚಣಿಕಿ ತಗೀರಿ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದಳು ಕಾಕು, ಬೀಗರು ಬರುವ ದಿನ ಮುಂಜಾನೆ.

"ಬೀಗರ ಕಡೆ ಚಹಾದ ರೊಕ್ಕ ಇಸಗೊಳ್ಳಾಕ ಬರ್ತೈತೇನು?" ಎಂದ ಕಾಕಾ. "ಇಲ್ಲಲ್ಲ? ಅಂದಮ್ಯಾಲೆ ಅವರು ಮ್ಯಾಲೇ ಹೋಗಬೇಕು."

ಬೀಗರು ಒಬ್ಬೊಬ್ಬರಾಗಿ ಹತ್ತಿದರು. ಅಜ್ಜಿ ಕೆಳಗೇ ಉಳಿದಳು. ಕಾಕಾ ಅವಳ ಮುಂದೆ ಬೆನ್ನು ಬಗ್ಗಿಸಿ, "ಬಾ ಯವ್ವಾ, ಗಟ್ಟಿ ಹಿಡಕೋ" ಎಂದ. ನಾವೆಲ್ಲ ನೋಡುತ್ತಿರುವಾಗಲೇ ಅವಳನ್ನು ಹೊತ್ತು ಮೇಲೆ ಹೋಗಿ ಜಮಖಾನೆಯ ಮೇಲೆ ಕೂರಿಸಿದ.

ಮಾಸ್ತರರು ಬೆವರು ಒರೆಸಿಕೊಳ್ಳುತ್ತ, "ಇಲ್ಲ್ಯಾಕ್ರಿ ಚಹಾ?" ಎಂದರು. ಕಾಕಾ ಎದೆಯುಬ್ಬಿಸಿ, "ಆನ್ ದಿ ಹೌಸ್ ರೀ!" ಎಂದ.

ಮಾಸ್ತರರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅದರ ಅರ್ಥ ಹಂಗಲ್ರಿ. ಮಾಲಕರ ಖರ್ಚಿನ್ಯಾಗ ಅಂತ. ಮನಿ ಮ್ಯಾಲೆ ಹತ್ತೂದಲ್ಲ."

ಕಾಕಾನ ಮುಖ ಸಣ್ಣಗಾಯಿತು. ಹಿಂದೆಯೇ ಹತ್ತಿ ಬಂದಿದ್ದ ಅಕ್ಕ ಚಹಾದ ತಾಟನ್ನು ಕೆಳಗಿಟ್ಟು ಅಪ್ಪನ ಮುಖ ನೋಡಿದಳು. ಮುಗಿಯಿತು, ಈ ಸಂಬಂಧವೂ ಹೋಯಿತು ಎಂದುಕೊಂಡೆ.

ಅಜ್ಜಿ ಮಾತ್ರ ಸುತ್ತಲಿನ ಮಾಳಿಗೆಗಳನ್ನೂ ದೂರದ ಕರಿ ಹೊಲಗಳನ್ನೂ ನೋಡುತ್ತ ಕುಳಿತಿದ್ದಳು. "ಕಾಲು ಹೋದಮ್ಯಾಲೆ ನಾ ಮಾಳಿಗಿ ಕಂಡಿದ್ದಿಲ್ಲ" ಎಂದಳು. "ಎಲ್ಲಾರೂ ನೀ ಇಲ್ಲೇ ಕುಂಡ್ರು ಅಂತ ಹೇಳಿ ತಾವು ಹತ್ತಿ ಹೋಗ್ತಿದ್ರು. ಹೊತಗೊಂಡು ಬಂದಾಂವ ಇವನೊಬ್ಬ." ಆಮೇಲೆ ಮಗನ ಕಡೆ ತಿರುಗಿ, "ಲೇ ಮಾಸ್ತರ, ನಿನ್ನ ಅರ್ಥ ನಿನ್ನ ಶಾಲ್ಯಾಗ ಇಟಗೋ. ನನಗ ಈ ಮನೀ ಹುಡುಗೀನ ಬೇಕು" ಎಂದಳು.

ಅಕ್ಕನ ಮದುವೆಯಾಯಿತು. ಸರಿಯಾದ ಅರ್ಥ ತಿಳಿದ ಮೇಲೂ ಕಾಕಾ ನಿಚ್ಚಣಿಕೆ ತೆಗೆಯಲಿಲ್ಲ. ಹತ್ತಲಾರದವರು ಬಂದರೆ ಬೆನ್ನು ಬಗ್ಗಿಸುತ್ತಿದ್ದ, ಅಷ್ಟೇ.

ಈಗ ಕಾಕಾ ಇಲ್ಲ, ಆ ಸಾಹುಕಾರರು ಹೆದರಿದ ಅರ್ಥದಲ್ಲಿಯೇ ಮೇಲೆ ಹೋದ. ಯಾವುದಾದರೂ ದೊಡ್ಡ ಹೋಟೆಲಿನಲ್ಲಿ ವೇಟರ್ ಬಂದು, "ಇದು ಆನ್ ದಿ ಹೌಸ್ ಸರ್" ಎಂದರೆ ನನಗೆ ಅರ್ಥ ಗೊತ್ತು. ಆದರೂ ಒಮ್ಮೆ ತಲೆಯೆತ್ತಿ ನೋಡುತ್ತೇನೆ. ಅಲ್ಲಿ ನಮ್ಮ ಕಾಕಾ ಚಹಾ ಹಿಡಿದು ನಿಂತಿದ್ದಾನೆ ಅನ್ನಿಸುತ್ತದೆ.