ಅನಾನಸಿನ ಶ್ರೀಖಂಡವೂ ಬೀಗರ ಊಟವೂ

ಜೀವಮಾನವಿಡೀ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿದವನಿಗೆ ತನ್ನದೇ ಅಡುಗೆಮನೆಯಲ್ಲಿ ಸೌಟಿನಷ್ಟೂ ಅಧಿಕಾರವಿಲ್ಲ ಎಂದರೆ, ನೀವೇ ಹೇಳಿ, ಇದು ನ್ಯಾಯವೇ? ಆ ಅಧಿಕಾರ ಸ್ಥಾಪಿಸಲು ನನಗೊಂದು ಸುವರ್ಣಾವಕಾಶ ಬಂತು. ಮಗಳು ಋತುಜಾಳನ್ನು ಮೆಚ್ಚಿದ ಹುಡುಗನ ತಂದೆತಾಯಿ, ಮದುವೆಯ ಮಾತು ಮುಗಿಸಲೆಂದು, ಭಾನುವಾರ ವಿದ್ಯಾನಗರದ ನಮ್ಮ ಮನೆಗೆ ಊಟಕ್ಕೆ ಬರುವವರಿದ್ದರು.

"ಶ್ರೀಖಂಡ ನಾನ ಮಾಡ್ತೇನಿ," ಎಂದು ಘೋಷಿಸಿದೆ. "ಅದೂ ಅನಾನಸಿಂದು!"

ಹೆಂಡತಿ ನಿರುಪಮಾ, ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರಿನ ಬೋಗುಣಿಯನ್ನು ಎದೆಗವಚಿಕೊಂಡಳು.

"ಹಣ್ಣು ಮೊದಲ ಸಕ್ರಿ ಹಾಕಿ ಕುದಿಸ್ರಿ. ನಮ್ಮವ್ವ ಹಂಗ ಮಾಡ್ತಿದ್ಲು."

"ಕುದಿಸಿದ್ರ ಜೀವಸತ್ವ ಹೋಗತಾವ. ನಿಮ್ಮವ್ವ ಎಂಎಸ್ಸಿ ಓದಿದ್ಲೇನು?" (ತವರಿನ ಸುದ್ದಿ ಎತ್ತಬಾರದಿತ್ತು. ಎತ್ತಿಬಿಟ್ಟೆ.)

"ಮಾಡ್ರಿ. ಬೀಗರ ಮುಂದ ನಿಮ್ಮ ಮಾರಿ, ನಿಮ್ಮ ಶ್ರೀಖಂಡ."

ದುರ್ಗದಬೈಲಿನ ಮಾರುಕಟ್ಟೆಯಿಂದ ತಂದ ಹಣ್ಣನ್ನು ಹಸಿಯಾಗಿಯೇ ಹೆಚ್ಚಿ ಬೆಳಿಗ್ಗೆಯೇ ಕಲಸಿಟ್ಟೆ. ಮಧ್ಯಾಹ್ನ ಬೀಗರು ಯಜ್ಞೇಶ್ವರರಾಯರೂ ಅವರ ಪತ್ನಿ ಸಂಪದಾಬಾಯಿಯೂ ಬಂದು ಊಟಕ್ಕೆ ಕೂತರು. ಬಡಿಸುತ್ತಾ ನೋಡುತ್ತೇನೆ, ಸೌಟಿಗೆ ಅಂಟಿ ನಿಲ್ಲಬೇಕಾದ ಶ್ರೀಖಂಡ ಮಜ್ಜಿಗೆಯಂತೆ ಹರಿದು, ಕೋಸಂಬರಿಯನ್ನು ಮುಳುಗಿಸಿ, ಪೂರಿಯ ಅಡಿಗೆ ಹೋಗಿ ನಿಂತಿದೆ! ರಾಯರು ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದರು. ಭಕ್ತಿಯಿಂದಲ್ಲ.

"ಹಾಗಲಕಾಯಿ ಹಾಕೀರೇನ್ರಿ?"

ಋತುಜಾಳ ಮುಖ ಬಿಳಿಚಿತು. ಶ್ರೀಖಂಡದ ಜೊತೆ ಮದುವೆಯೂ ನೀರಾಗುವ ಲಕ್ಷಣ. ಗಾಬರಿಯಲ್ಲಿ ನನಗೆ ತರಗತಿಯ ಧ್ವನಿ ಬಂದುಬಿಟ್ಟಿತು.

"ಇದು ಕಿಣ್ವದ ಲೀಲಾರಿ! ಹಸಿ ಅನಾನಸಿನ್ಯಾಗ ಒಂದು ಕಿಣ್ವ ಇರತದ. ಅದು ಮೊಸರಿನ ಪ್ರೋಟೀನು ಕತ್ತರಿಸಿ ತುಂಡು ತುಂಡು ಮಾಡತದ. ಆ ತುಂಡಿನಿಂದನ ಈ ಕಹಿ. ಮಜಾ ಅಂದ್ರ, ಇಷ್ಟೆಲ್ಲಾ ಗದ್ದಲ ಎಬ್ಬಿಸಿದ್ರೂ ಕಿಣ್ವ ತಾನು ಖರ್ಚಾಗೂದಿಲ್ಲ. ಹೆಂಗಿತ್ತೋ ಹಂಗ ಕೂತಿರತದ!"

ಸಂಪದಾಬಾಯಿ ಗಂಡನತ್ತ ಬೆರಳು ತೋರಿಸಿದರು. "ಅಯ್ಯ, ನಮ್ಮನ್ಯಾಗೂ ಅಂಥಾದ್ದೊಂದು ಅದರಿ! ಊರ ಗದ್ದಲ ಎಬ್ಬಸತದ, ತಾ ಮಾತ್ರ ಕುರ್ಚಿ ಬಿಟ್ಟು ಏಳೂದಿಲ್ಲ."

ನಿರುಪಮಾ ಬಿದ್ದು ಬಿದ್ದು ನಕ್ಕಳು. ಬೀಗಿತ್ತಿಯರಿಬ್ಬರೂ ಆ ನಗೆಯಲ್ಲೇ ಒಂದಾದರು. ಅನ್ನ ಬಡಿಸುವಷ್ಟರಲ್ಲಿ ಮದುವೆಯ ಮಾತೂ ಮುಗಿಯಿತು. (ರಾಯರನ್ನಾಗಲಿ ನನ್ನನ್ನಾಗಲಿ ಯಾರೂ ಕೇಳಲಿಲ್ಲ.)

"ಅಲ್ರಿ ಸರ್, ಈ ಕಿಣ್ವದ ಕಾಟಕ್ಕ ಉಪಾಯನ ಇಲ್ಲೇನ್ರಿ?" ಸಂಪದಾಬಾಯಿ ಕೇಳಿದರು.

ಸತ್ಯ ನುಡಿಯುವುದು ಶಿಕ್ಷಕನ ಧರ್ಮ. "ಅದರಿ... ಬಿಸಿ ಮುಟ್ಟಿಸಿದ್ರ ಅದರ ಆಟ ಬಂದ್."

ನಿರುಪಮಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಬೀಗರು ಮನಿಗೆ ಹೊಂಡಲಿ," ಎಂದಳು ಮೆಲ್ಲಗೆ, "ಮುಟ್ಟಸ್ತೇನಿ."