ತಲೆಯಲ್ಲಿ ಉಳಿಸಿಕೊಂಡ ಕರೆಂಟು

ಆಗ ನನಗೆ ಅರವತ್ತೇಳು. ನಾಲ್ಕು ವರ್ಷದ ಹಿಂದಿನ ಮಾತು. ಬಲಗೈಗೆ ಲಕ್ವ ಹೊಡೆದು ಆರು ತಿಂಗಳಾಗಿತ್ತು. ಕೈ ಸತ್ತಿರಲಿಲ್ಲ, ಹೇಳಿದ ಮಾತು ಕೇಳುತ್ತಿರಲಿಲ್ಲ, ಅಷ್ಟೆ. ನನ್ನ ಅಕ್ಷರ ಮೊದಲಿನಿಂದಲೂ ಕೆಟ್ಟದು. ಅದನ್ನು ಲಕ್ವದ ತಲೆಗೆ ಕಟ್ಟುವುದಿಲ್ಲ. ಮುದ್ದೆಯನ್ನು ಎಡಗೈಯಲ್ಲೂ ನುಂಗಬಹುದು, ನೋಡಲಾಗದವರು ಮುಖ ತಿರುಗಿಸಿಕೊಳ್ಳಲಿ. ನನಗೆ ಬೇಕಿದ್ದದ್ದು ಹೊಗೆಸೊಪ್ಪು ಕಟ್ಟುವ ಕೈ.

ಕಟ್ಟೆಮಳಲವಾಡಿಯಲ್ಲಿ ಸೊಪ್ಪು ಬೇಯಿಸುವ ನಮ್ಮ ಬ್ಯಾರನ್ನಿನ ಮುಂದೆ ಚಪ್ಪರವಿದೆ. ಹಸಿ ಎಲೆಯನ್ನು ಎರಡೆರಡಾಗಿ ಹಿಡಿದು, ಕಡ್ಡಿಯ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ದಾರದಲ್ಲಿ ಬಿಗಿದು, ಬೇಯಿಸಲು ಒಳಗೆ ಕೊಡುವುದು ಹೆಂಗಸರ ಕೆಲಸ. ಬಾಗಿಲ ಪಕ್ಕದ ಮೊದಲ ಜಾಗ ನಲವತ್ತು ವರ್ಷದಿಂದ ನನ್ನದು. ಅಲ್ಲಿ ಕೂತವಳ ಕಡ್ಡಿ ಮೊದಲು ಒಳಗೆ ಹೋಗಬೇಕು, ಆಮೇಲೆ ಉಳಿದವರದು. ಆ ಜಾಗದ ಮೇಲೆ ನನ್ನ ವಾರಗಿತ್ತಿ ಚಿಕ್ಕತಾಯಿಯ ಕಣ್ಣು ಬಿದ್ದಿತ್ತು. "ಈ ಸಲ ನೀನು ಸುಮ್ಕೆ ದಾರ ಬುಡುಸ್ಕೊಡಕ್ಕ, ಸಾಕು" ಎಂದಳು. ದಾರ ಬಿಡಿಸುವುದು ಕೈಲಾಗದವರ ಕೆಲಸ.

ಎದ್ದು ಮೈಸೂರಿನ ಆಸ್ಪತ್ರೆಗೆ ಹೋದೆ. ಹತ್ತು ದಿನ ಬಸ್ಸಿನಲ್ಲಿ ಹೋಗಿ ಬರುವ ಚಿಕಿತ್ಸೆ. ಬಲಗೈಯನ್ನು ಆಡಿಸುವ ಹಗ್ಗ ತಲೆಯ ಎಡಗಡೆ ಇದೆಯಂತೆ. ಡಾಕ್ಟರಮ್ಮ ಉಪ್ಪುನೀರಿನ ಸ್ಪಂಜು ಒಂದನ್ನು ಅಲ್ಲಿಗೂ ಇನ್ನೊಂದನ್ನು ಹಣೆಗೂ ಕಟ್ಟಿ, ಅಂಗೈಯಗಲದ ಪೆಟ್ಟಿಗೆಯಿಂದ ಇಪ್ಪತ್ತು ನಿಮಿಷ ಕರೆಂಟು ಬಿಟ್ಟಳು.

"ತ್ರೀ ಫೇಸಾ, ಸಿಂಗಲ್ ಫೇಸಾ?" ಎಂದೆ.

"ಬ್ಯಾಟರಿ, ಅಜ್ಜಿ. ತುಂಬ ಸಣ್ಣ ಕರೆಂಟು. ಕೈ ಆಡಿಸೋ ಮಿದುಳು ಸ್ವಲ್ಪ ಎಚ್ಚರ ಆಗುತ್ತೆ. ಕೆಲವರಿಗೆ ಗುಣ ಕಾಣುತ್ತೆ, ಕೆಲವರಿಗೆ ಇಲ್ಲ. ನಿಲ್ಲಿಸಿದ ಮೇಲೂ ಒಂದು ಗಂಟೆ ಇರಬಹುದು."

ಇನ್ನೂ ಏನೋ ಹೇಳಿದಳು. ನಾನು ಕೇಳಿಸಿಕೊಂಡಿದ್ದು ಆ ಒಂದು ಗಂಟೆಯನ್ನು ಮಾತ್ರ. ಊರು ಸೇರಲು ಒಂದೂವರೆ ಗಂಟೆ ಬೇಕು. ಪಂಪ್‌ಸೆಟ್ಟಿನ ಜೊತೆ ಬಾಳಿದವಳಿಗೆ ಉಪಾಯ ಹೇಳಿಕೊಡಬೇಕೆ? ತಲೆಯ ಕರೆಂಟು ನೆಲಕ್ಕೆ ಇಳಿಯದಿರಲೆಂದು ರಬ್ಬರ್ ಚಪ್ಪಲಿ ಹಾಕಿದೆ. ಬಸ್ಸಿನಲ್ಲಿ ಕಬ್ಬಿಣ ಮುಟ್ಟಲಿಲ್ಲ.

"ಕಂಬಿ ಇಡ್ಕಳಮ್ಮೋ, ಬಿದ್ದೋಯ್ತೀಯ!" ಎಂದ ಕಂಡಕ್ಟರ್.

"ಇಡ್ಕಂಡ್ರೆ ಅರ್ತ್ ಆಯ್ತದೆ ಕಣಪ್ಪ."

ಅವನು ನನ್ನ ಮುಖ ನೋಡಿ, ಒಬ್ಬನನ್ನು ಎಬ್ಬಿಸಿ ಸೀಟು ಕೊಟ್ಟ.

ಒಂಬತ್ತು ದಿನ ಹಾಗೇ ಬಂದೆ, ತುಂಬಿದ ಕೊಡದಂತೆ ತಲೆ ಅಲುಗಿಸದೆ. ನೆತ್ತಿಯಲ್ಲಿ ಇರುವೆ ಹರಿದ ಹಾಗೆ ಜುಮುಜುಮು. ಬಲಗೈ ಯಾರದೋ ಮಗುವಿನಂತೆ ಮಡಿಲಲ್ಲಿ ಮಲಗಿರುತ್ತಿತ್ತು. ಬಿಳಿಕೆರೆ ದಾಟಿದರೆ ಕಿಟಕಿಯಾಚೆ ಹೊಗೆಸೊಪ್ಪಿನ ಹೊಲಗಳು ತೇಲಿ ಬರುತ್ತಿದ್ದವು. ಅರೆಗಣ್ಣಿನಲ್ಲಿ ಎಲೆಗಳೆಲ್ಲ ತಾವಾಗಿ ಎದ್ದು, ಎರಡೆರಡಾಗಿ ಕಡ್ಡಿಗೆ ಏರಿ, ನೋಡುತ್ತಿದ್ದಂತೆ ಹಳದಿಯಾಗುತ್ತಿದ್ದವು. ಅಷ್ಟು ಚೆಂದಾಗಿ ನಾನು ಎಚ್ಚರವಿದ್ದಾಗಲೂ ಕಟ್ಟಿದ್ದಿಲ್ಲ. ಮನೆಗೆ ಬಂದು ದಾರ ಹಿಡಿದರೆ ಬೆರಳು ಮೊದಲಿನಂತೆಯೇ ಮೊಂಡು.

ಹತ್ತನೆಯ ದಿನ ಡಾಕ್ಟರಮ್ಮ ಕೇಳಿದಳು: "ಇಲ್ಲಿಂದ ಹೋದ ಮೇಲೆ ಕೈಗೆ ಏನು ಕೆಲಸ ಕೊಡ್ತೀರಿ?"

ಕರೆಂಟು ಸೋರದಂತೆ ಕೈ ಅಲುಗಿಸದೆ ಊರಿಗೆ ಒಯ್ಯುವುದನ್ನು ಹೇಳಿದೆ. ನಕ್ಕ ರಭಸಕ್ಕೆ ಸ್ಪಂಜು ಅವಳ ಕೈಯಿಂದ ಜಾರಿತು. "ಅಯ್ಯೋ ಅಜ್ಜಿ, ಕೂಡಿಡೋ ಸಾಮಾನಲ್ಲ ಅದು. ಕರೆಂಟು ಎಲೆ ಕಟ್ಟಲ್ಲ. ಆ ಹೊತ್ತಲ್ಲಿ ಕೈ ದುಡಿದರೆ ಕೈ ಕಲಿಯುತ್ತೆ. ಮೊದಲ ದಿನವೇ ಹೇಳಿದ್ದೆ."

ನನಗೆ ನಗು ಬರಲಿಲ್ಲ. ಮಳೆ ಬಿದ್ದು ನೆಲ ಹದವಾಗಿದ್ದಾಗ ಬಿತ್ತದೆ, ಒಂಬತ್ತು ದಿನ ಬದುವಿನ ಮೇಲೆ ಕೂತು ಹದವನ್ನು ಕಾವಲು ಕಾದಿದ್ದೆ!

ಉಳಿದದ್ದು ಅದೊಂದು ಸಲ. ವಾಪಸು ಬಸ್ಸಿನಲ್ಲಿ ಪಕ್ಕದ ಹೆಂಗಸಿನ ಬುಟ್ಟಿಯ ತುಂಬ ವೀಳ್ಯದೆಲೆ.

"ಒಸಿ ಎಲೆ ಕೊಡವ್ವ."

"ಅಡಕೆ ಬ್ಯಾಡ್ವಾ?"

"ತಿನ್ನಕಲ್ಲ, ಕಟ್ಟಕ್ಕೆ."

ಚೀಲದ ದಾರ ತೆಗೆದು, ಕೊಡೆಯನ್ನೇ ಕಡ್ಡಿ ಮಾಡಿಕೊಂಡು, ಬೆವರು ಇಳಿಯುವಂತೆ ಕಟ್ಟಿದೆ. ಹುಣಸೂರು ಬರುವಷ್ಟರಲ್ಲಿ ಹದಿನಾಲ್ಕು ಎಲೆ ನಿಂತವು.

ಮಾರನೆಯ ಬೆಳಿಗ್ಗೆ ಮೊದಲ ಕುಯಿಲಿನ ಎಲೆ ಚಪ್ಪರಕ್ಕೆ ಬಂತು. "ಅತ್ಲಾಗೆ ಸರಿಯಮ್ಮಿ" ಎಂದು ಚಿಕ್ಕತಾಯಿಯನ್ನು ಎಬ್ಬಿಸಿ ನನ್ನ ಜಾಗದಲ್ಲಿ ಕೂತೆ. ನಾನು ಒಂದು ಕಡ್ಡಿ ಮುಗಿಸುವಷ್ಟರಲ್ಲಿ ಎಲ್ಲರೂ ಐದೈದು ಕಟ್ಟಿ ಮಡಿಲಲ್ಲಿಟ್ಟುಕೊಂಡು, ನನ್ನದು ಒಳಗೆ ಹೋಗಲೆಂದು ಕಾಯುತ್ತಿದ್ದರು. ಎಲೆ ಬಾಡುತ್ತಿತ್ತು. ಎರಡನೆಯ ಕಡ್ಡಿ ಎತ್ತಿದಾಗ ಅದರ ಅರ್ಧ ಎಲೆ ನನ್ನ ಕಾಲ ಮೇಲೆ ಉದುರಿತು. ನೋಡಿದರೆ ಕಾಲಲ್ಲಿ ಇನ್ನೂ ರಬ್ಬರ್ ಚಪ್ಪಲಿ. ಕಳಚಿ ಅಂಗಳಕ್ಕೆ ಒಗೆದೆ. ಎದ್ದು ಮೊದಲ ಜಾಗ ಬಿಟ್ಟು, ಕಡ್ಡಿಯನ್ನೂ ಎತ್ತಿಕೊಂಡು ಸಾಲಿನ ಕೊನೆಗೆ ಹೋಗಿ, ಬರಿಗಾಲು ನೆಲಕ್ಕೂರಿ ಕೂತು, "ದಾರ ಬುಡುಸ್ಕೊಡಮ್ಮಿ" ಎಂದು ಚಿಕ್ಕತಾಯಿಗೆ ಕೂಗಿದೆ.